ನಲ್ಲಿ ಮುಟ್ಟದ ಎಲೆಕ್ಟ್ರಿಷಿಯನ್

ಮನೆ ಮಾಲೀಕರಿಗೆ ಕೆಳಮನೆಯ ಬಾಡಿಗೆಯವಳ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಚ್ಚಲಿನ ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದಾಗ, ಗೀಸರ್ ಹಾಕಿದ ನಿಮ್ಮ ಭಾವಮೈದುನರನ್ನೇ ಕಳಿಸಿದಿರಿ. ಅವರು ಗೀಸರ್ ಬಿಚ್ಚಿ ನೋಡಿ, "ಏನೂ ಇಲ್ಲ ಅಕ್ಕ, ನಿಮ್ಮ ಭ್ರಮೆ" ಅಂದರು. ಕೈ ತೊಳೆಯಲು ಮಾತ್ರ ಆ ನಲ್ಲಿ ಬಿಟ್ಟು ಅಡುಗೆಮನೆಗೆ ಬಂದರು. ನನಗೆ ಅಲ್ಲೇ ಅನುಮಾನ ಬಂತು.

ಮೇನ್ ಆಫ್ ಮಾಡಿ ಬೇರೆ ಎಲೆಕ್ಟ್ರಿಷಿಯನ್ ಕರೆಸಿದೆ. ಶಾಕ್ ಹೊಡೆಯದಂತೆ ಕಾಯುವ ಗೀಸರಿನ ಅರ್ಥಿಂಗ್ ವೈರನ್ನು ಎಲ್ಲಿಗೂ ಜೋಡಿಸದೆ, ತುದಿಗೆ ಟೇಪ್ ಸುತ್ತಿ ಒಳಗೆ ತುರುಕಿದ್ದನ್ನು ಅವರು ಹೊರಗೆಳೆದು ತೋರಿಸಿದರು. "ಇದು ಮರೆತದ್ದಲ್ಲಮ್ಮ, ಮುಚ್ಚಿಟ್ಟದ್ದು" ಅಂದರು.

ಮೊದಲು ನಿಮ್ಮ ಮೇಲೂ ಅನುಮಾನಪಟ್ಟೆ. ಆಮೇಲೆ ನೆನಪಾಯಿತು, ನಿಮ್ಮ ಭಾವಮೈದುನರು ನಿಮ್ಮ ಮನೆಯ ಗೀಸರನ್ನೂ ತಾವೇ ಹಾಕಿದ್ದಾಗಿ ಹೇಳಿದ್ದರು. ನಿಮ್ಮ ತಾಯಿಯವರು ಸ್ನಾನಕ್ಕೆ ಹೋಗುವ ಮುನ್ನ ದಯವಿಟ್ಟು ಅದರ ಸ್ವಿಚ್ ಆರಿಸಿ.

ಇಂತಿ,
ಕೆಳಮನೆಯವಳು