ಹದಿನೇಳನೇ ಹಾಳಿ

೫ ಮಾರ್ಚ್ ೨೦೨೪, ಮಂಗಳವಾರ. ಮುಂಜಾನೆ ೫.೧೦

ಮತ್ತ ಅದೇ ಕನಸು. ಎಲ್ಲಾರೂ ಸಾಲಾಗಿ ನಿಂತೇವಿ. ಹವಾಲ್ದಾರ್ ಸಾಹೇಬ್ರು ಹಾಜರಿ ಕರಿಯಾಕತ್ತಾರ. ಮುರಗೆಪ್ಪನ ಹೆಸರು ಬಂತು. ಯಾರೂ ಓ ಅನ್ನಲಿಲ್ಲ. ನಾ "ಹಾಜರ್ ಸಾಬ್" ಅಂದೆ... ಯಾಕ ಅಂದೆನೋ. ಅವರು ಹತ್ತಿರ ಬಂದ್ರು. ನನ್ನ ಮಾರಿ ನೋಡಲಿಲ್ಲ. ಬಲಗಾಲು ನೋಡಿದ್ರು.

ಎದ್ದು ಕಾಲು ಮುಟ್ಟಿ ನೋಡಿಕೊಂಡೆ. ಐತಿ.

ಚಾ ಆತು. ಆರೂಕಾಲಿನ ಬಸ್ಸು ಹಿಡೀಬೇಕು. ಏಳಕ್ಕ ಮಹಾಲಿಂಗಪುರದಾಗ ಕಾಲೇಜ್ ಗೇಟಿನ ಡ್ಯೂಟಿ. ಎದಿ ಡವಡವ. ಬಿಪಿ ಗುಳಿಗಿ ನಿನ್ನೆ ತಗೊಂಡೆನೋ ಇಲ್ಲೋ ನೆನಪಿಲ್ಲ. ಎರಡು ತಗೊಂಡ್ರ ಏನಾಗತೈತೋ.

ನಿನ್ನೆ ಟಪಾಲಿನಾಗ ದೊಡ್ಡ ಲಕೋಟಿ ಬಂತು. ನನ್ನ ಜೋಡಿ ಫೌಜಿನಾಗಿದ್ದ ಮುರಗೆಪ್ಪನ ಹಳೇ ಫೈಲಿನ ಝೆರಾಕ್ಸು. ಮಾಹಿತಿ ಹಕ್ಕಿನಾಗ ಅರ್ಜಿ ಹಾಕಿದ್ವಿ. ಅಂವ ಈಗಿಲ್ಲ, ಸಹಿ ಅವನ ಹೆಂಡತಿ ಶಿವವ್ವಂದು, ವಿಳಾಸ ನಂದು. ಅಕಿ ಬನಹಟ್ಟಿಯಾಗ ಬಾಡಿಗಿ ಮನಿ ಬದಲಸ್ತಾನ ಇರತಾಳ, ಟಪಾಲು ಕಳದೀತು ಅಂತ.

ಇನ್ನೂ ಒಡದಿಲ್ಲ.


ಅದೇ ದಿನ, ಮಧ್ಯಾಹ್ನ ೩

ಒಡದೆ. ನಲವತ್ಮೂರು ಹಾಳಿ. ಪ್ರತಿ ಹಾಳಿಗೂ ಮ್ಯಾಲೆ ಆಫೀಸಿನ ನಂಬರ್ ಐತಿ.

ನಂಬರ್ ೧೭. ಕೆಳಗ ನನ್ನ ಸಹಿ. ಕನ್ನಡದಾಗ, ಸೊಟ್ಟಗ: ಅಮಸಿದ್ದಪ್ಪ. ಮ್ಯಾಲಿಂದೆಲ್ಲಾ ಇಂಗ್ಲಿಷ್ ಟೈಪು. ಎಂಟನೇತ್ತಕ್ಕ ಸಾಲಿ ಬಿಟ್ಟು ಕುರಿ ಹಿಂದ ಹೋದಾಂವ ನಾ. ಇಂಗ್ಲಿಷ್ ಅಕ್ಷರ ಕೂಡಿಸಿ ಹೆಸರು ಓದತೀನಿ, ಅಷ್ಟೇ. ಈ ಹಾಳಿ ಓದೂದು ಬೇಕಾಗಿನೂ ಇಲ್ಲ. ಏನೈತಿ ಗೊತ್ತೈತಿ.

ಬರದೇ ಬಿಡತೀನಿ ಇವತ್ತು. ಯಾರು ಓದಾವ್ರು ಇದನ್ನ.

೧೯೯೭. ಮ್ಯಾಲೆ ಗುಡ್ಡದಾಗ ಇದ್ವಿ. ನಮ್ಮ ಕಡೆ ಹುಡುಗರು ರಜಾ ಮುಗಿಸಿ ಬರೂವಾಗ ಒಬ್ಬರ ಮನಿ ರೊಟ್ಟಿಗಂಟು ಇನ್ನೊಬ್ಬರು ಹೊತ್ತು ತರೂದು ರೂಢಿ. ನಮ್ಮವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ಲು. ತಂದಾಂವ ಬ್ಯಾರೆ ಕಂಪನಿಯಾಂವ. ರಸ್ತೆ ಬಾಜೂಕ ಒಂದು ಚಾದಂಗಡಿಯಾಗ ಇಟ್ಟು ಮುಂದ ಹೋಗಿದ್ದ. ನಾನೂ ಮುರಗೆಪ್ಪನೂ ಆವತ್ತು ರೇಶನ್ ಗಾಡಿಯಾಗ. ಗಾಡಿಗಳ ಸಾಲು ಸರಿಯಾಗಿ ಆ ಅಂಗಡಿ ಎದುರಿಗೇ ನಿಂತಿತು. ಇಳೀಬಾರದು ಅಂತ ಹುಕುಂ ಇತ್ತು. ನನಗ ಧೈರ್ಯ ಆಗಲಿಲ್ಲ.

"ಮುರಗ್ಯಾ, ನೀ ಚುರುಕ ಅದಿ. ಒಂದು ಓಟಕ್ಕ ತಂದುಬಿಡಲೇ" ಅಂದೆ.

"ನಾಕು ರೊಟ್ಟಿ ನನಗ. ಹಿಂಡಿ ಅರ್ಧ" ಅಂದ. ಹಾರಿದ. ತಂದ. ಗಂಟು ನನ್ನ ಕೈಗೆ ಒಗದ. ಹತ್ತಾಕ ಕಾಲು ಎತ್ತಿದ್ದ, ಹಿಂದಿನ ಗಾಡಿ ಮುಂದ ಸರೀತು. ಬಲಗಾಲು ನಡುವ ಸಿಕ್ಕಿತು.

ತನಿಖಿ ಆತು. ಯಾಕ ಇಳದಾ ಅಂತ ಕೇಳಿದ್ರು. ನೌಕರಿ ಹೋಗತೈತಿ ಅಂತ ಅಂಜಿದೆ. "ಗೊತ್ತಿಲ್ಲ ಸಾಬ್, ಅವನ ಸ್ವಂತ ಕೆಲಸ ಇರಬೇಕು." ಬಾಬು ಟೈಪ್ ಮಾಡಿದ. ಇಲ್ಲಿ ಸಹಿ ಅಂದ. ಮಾಡಿದೆ.

ಮುರಗೆಪ್ಪನ್ನ ಮನಿಗೆ ಕಳಿಸಿದ್ರು. ಅಂಗವಿಕಲ ಪೆನ್ಷನ್ ಇಲ್ಲ ಅಂತ ಕಾಗದ ಬಂತು. ಪೆಟ್ಟು ಡ್ಯೂಟಿಯಿಂದ ಆದದ್ದಲ್ಲ, ಸ್ವಂತ ಕೆಲಸದಾಗ ಆದದ್ದು, ಅಂತ.

ರೊಟ್ಟಿ ನಾ ತಿಂದೆ. ಮೂರನೇ ದಿನ.


೬ ಮಾರ್ಚ್

೧೭ ತಗದೆ. ನನ್ನ ಡಿಸ್ಚಾರ್ಜ್ ಬುಕ್ಕಿನ ಪ್ಲಾಸ್ಟಿಕ್ ಕವರಿನಾಗ ಇಟ್ಟೇನಿ. ಉಳಿದ ನಲವತ್ತೆರಡು ಮತ್ತ ಲಕೋಟಿಯಾಗ.

ಒಂದು ಹಾಳಿ ಇಲ್ಲಂದ್ರ ಏನಾಗತೈತಿ. ಏನೂ ಆಗಂಗಿಲ್ಲ. ಇಷ್ಟು ಹಾಳ್ಯಾಗ ಒಂದು.


೯ ಮಾರ್ಚ್, ಶನಿವಾರ

ಜಮಖಂಡಿಗೆ ಹೋಗಿ ಬಂದ್ವಿ. ಗುರುವಾರನೇ ಲಕೋಟಿ ಬನಹಟ್ಟಿಗೆ ಒಯ್ದು ಶಿವವ್ವಗ ಕೊಟ್ಟಿದ್ದೆ. ಅಕಿ ಅದನ್ನ ಹೊಸಾ ಸೀರಿ ಚೀಲದಾಗ ಹಾಕಿ ಕೂಸಿನಂಗ ಎದಿಗೆ ಅವಚಿಕೊಂಡು ಬಂದಿದ್ಲು.

ವಕೀಲರು ಶುಭದಾ ಮೇಡಂ. ಕೋರ್ಟಿನ ಹಿಂದ ಆಫೀಸು. ಹಳೇ ಫೌಜಿಗಳ ಕೇಸು ನೋಡತಾರ.

"ಇಷ್ಟು ವರ್ಷದ ಮ್ಯಾಲೆ ನಡೀತೈತೇನ್ರಿ?" ಅಂದೆ. ನಡಿಯಂಗಿಲ್ಲ ಅಂತಾರೇನೋ ಅಂತ ಒಳಗೊಳಗ ಆಸೆ ಇತ್ತು. ಥೂ.

"ಹೊಸಾ ಸಾಕ್ಷಿ ಏನೂ ಬ್ಯಾಡ್ರಿ ನನಗ" ಅಂದ್ರು ಮೇಡಂ. "ಆವಾಗ ಅವರ ಮುಂದ ಯಾವ ಕಾಗದ ಇದ್ವು, ಆವಾಗ ಯಾವ ನಿಯಮ ಇತ್ತು, ಅದರ ಪ್ರಕಾರನೇ ಆ ಆರ್ಡರ್ ತಪ್ಪು ಅಂತ ತೋರಸಬೇಕು. ಮನುಷ್ಯಾ ಸಾಯತಾನ. ಆರ್ಡರಿನಾಗಿನ ತಪ್ಪು ಹಂಗೇ ಇರ್ತದ. ತಿದ್ದಸಬಹುದು."

ಶಿವವ್ವ ಕೇಳಿದ್ಲು: "ನಮ್ಮವರು ಕುಂಟಕೋತ ಹದಿನೆಂಟು ವರ್ಷ ಮಗ್ಗ ಹೊಡದ್ರಿ. ಆ ಕಾಲು ಡ್ಯೂಟಿದಲ್ಲ ಅಂದ್ರ ಯಾರದರಿ ಅದು?"

ನಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದೆ.

ಬಸ್ಸಿನಾಗ ಅಕಿ ಅಂದ್ಲು: "ನೀವಿಲ್ಲಾಗಿದ್ರ ಇದೆಲ್ಲಾ ಯಾರು ಮಾಡತಿದ್ರು ಅಣ್ಣಾರ." ಕಿಟಕಿ ಕಡೆ ಮಾರಿ ಮಾಡಿದೆ.

ಮುರಗೆಪ್ಪ ಬದುಕಿದ್ದಾಗ ಸಿಕ್ಕಾಗೊಮ್ಮೆ ನಗತಿದ್ದ. "ನಿಮ್ಮವ್ವನ ರೊಟ್ಟಿ ಭಾಳ ತುಟ್ಟಿ ಆದೂವಲೇ." ಅಷ್ಟೇ. ಯಾರ ಮುಂದೂ ಬಾಯಿ ಬಿಡಲಿಲ್ಲ. ಆ ಹೇಳಿಕಿ ನಂದು ಅಂತ ಅವಂಗ ಗೊತ್ತಿತ್ತೋ ಇಲ್ಲೋ. ಆರು ವರ್ಷಾತು ಹೋಗಿ. ಇನ್ನ ಯಾರನ್ನ ಕೇಳ್ಲಿ.


೨೧ ಮಾರ್ಚ್

ಹನ್ನೆರಡು ದಿನ ಬರೀಲಿಲ್ಲ. ಬರಿಯಾಕ ಏನೂ ಇರಲಿಲ್ಲ. ಸುಳ್ಳು. ಇತ್ತು.

ಇವತ್ತು ಗೇಟಿನಾಗ ಇದ್ದಾಗ ಮೇಡಂ ಫೋನು.

"ಅಮಸಿದ್ದಪ್ಪನವರ, ಹದಿನಾರು ಆದ ಮ್ಯಾಲೆ ಹದಿನೆಂಟು ಅದ. ಹದಿನೇಳು ಎಲ್ಲಿ?"

"ಹೌದೇನ್ರಿ?"

"ಆರ್ಡರಿನಾಗ ಅದರದೇ ಆಧಾರ ಕೊಟ್ಟಾರ. ಯಾರೋ ಒಬ್ಬ ಸಿಪಾಯಿ ಹೇಳಿಕಿ. ಅದಿಲ್ಲದ ನಾ ಏನಂತ ವಾದ ಮಾಡ್ಲಿ? ಮತ್ತ ಅರ್ಜಿ ಹಾಕಿದ್ರ ಐದಾರು ತಿಂಗಳು. ಕೇಸು ಹಾಕೇನಿ, ಎಲ್ಲಾ ಕಾಗದ ಮೂವತ್ತನೇ ತಾರೀಕಿನ ಒಳಗ ಫೌಜಿ ಟ್ರಿಬ್ಯುನಲ್ಲಿಗೆ ಕಳಸಬೇಕು, ಇಲ್ಲಾಂದ್ರ ಕೇಸು ವಾಪಸ್ ಬರ್ತದ."

ನೋಡತೀನ್ರಿ ಅಂದೆ. ಒಬ್ಬ ಸಿಪಾಯಿ. ಹೆಸರು ಹೇಳಲಿಲ್ಲ ಅವರು. ಆರ್ಡರಿನಾಗ ಹೆಸರು ಇರಲಿಕ್ಕಿಲ್ಲ. ಇದ್ದರ? ಗೊತ್ತಿದ್ದೂ ಸುಮ್ಮನಿದ್ದಾರೇನು? ಸುಳ್ಳು ಹೇಳಿಕಿ ಅಂತ ನನ್ನ ಪೆನ್ಷನ್ನೇ ನಿಲ್ಲಸಿದ್ರ?

ಪ್ರಿನ್ಸಿಪಾಲರ ಗಾಡಿ ಬಂದದ್ದು ಗೊತ್ತಾಗಲಿಲ್ಲ. ಹಾರ್ನ್ ಹೊಡದ್ರು. ಗೇಟ್ ತಗದೆ, ಸೆಲ್ಯೂಟ್ ಮರತೆ.


೨೩ ಮಾರ್ಚ್, ಶನಿವಾರ

ಬನಹಟ್ಟಿಗೆ ಹೋದೆ. ಶಿವವ್ವನ ಮನಿ ಅಂಗಳದಾಗ ಸಾಮಾನೆಲ್ಲಾ ಹೊರಗ. ಟ್ರಂಕು, ಹಾಸಿಗಿ, ಜೋಳದ ಡಬ್ಬಿ, ನೂಲಿನ ಕಂಡಕಿ ಸುತ್ತೂ ಮಿಶನ್ನು ಸುದ್ದಾ. ಮೇಡಂ ಅಕಿಗೂ ಫೋನ್ ಮಾಡಿದ್ರಂತ.

"ಎರಡು ದಿನ ನನ್ನ ಮನ್ಯಾಗ ಇತ್ತಲ್ರಿ ಲಕೋಟಿ" ಅಂದ್ಲು. ಕಣ್ಣು ಕೆಂಪಗ. "ಒಮ್ಮೆ ತಗದು ನೋಡೇನಿ ಅಣ್ಣಾರ. ಓದಾಕಲ್ಲ, ಸುಮ್ಮನ. ಅವರ ಹೆಸರು ಎಲ್ಲೆಲ್ಲಿ ಐತಿ ಅಂತ. ಆವಾಗ ಜಾರಿ ಬಿದ್ದೈತಿ. ನಂದೇ ತಪ್ಪು. ಗಂಡ ಹೋದ, ಅವನ ಕಾಗದನೂ ಜ್ವಾಪಾನ ಮಾಡಲಿಲ್ಲ ನಾ."

"ನಿಂದಲ್ಲ ಬಿಡು ತಂಗಿ" ಅಂದೆ.

"ಮತ್ಯಾರದರಿ?"

ಹೇಳಬೇಕಿತ್ತು. ಬಾಯಿ ತಗದೆ. ಬಾಜೂ ಮನಿ ಮುದುಕಿ "ನೀನೇ ಒಲಿ ಹಚ್ಚಾಕ ಒಯ್ದಿರಬೇಕು ನೋಡಬೇ, ನಿನ್ನ ಬಾಯಾಗ ಮಣ್ಣು ಹಾಕಲಿ" ಅಂತ ಅಕಿಗೇ ಬೈದು ನಕ್ಕಳು. ಶಿವವ್ವ ಖರೇನೇ ಒಲಿ ಬೂದಿ ಕೆದರಿ ನೋಡಿದ್ಲು.

ನಾನೂ ಅಕಿ ಕೂಡ ಟ್ರಂಕಿನ ಸಾಮಾನು ಒಂದೊಂದೇ ತಗದು ಹುಡುಕಿದೆ. ಒಂದು ತಾಸು. ಹುಡುಕಿದೆ ನಾನು! ಎಂಥಾ ಮನುಷ್ಯಾ ನಾ.


೨೪ ಮಾರ್ಚ್, ಭಾನುವಾರ

ಮಗಳು ಕಾವ್ಯ ಹೋಳಿ ಹುಣ್ಣಿಮಿಗೆ ಬಂದಾಳ. ಬಾಗಲಕೋಟಿಯಾಗ ನರ್ಸಿಂಗ್ ಕಲಿಯಾಕತ್ತಾಳ, ಇಂಗ್ಲಿಷ್ ಬರತೈತಿ. ಅಕಿ ಅವ್ವ ಅಂಗಡಿಗೆ ಹೋಗೂದು ಕಾದು ಹಾಳಿ ಕೈಯಾಗ ಕೊಟ್ಟೆ.

"ಏನಪಾ ಇದು?"

"ಓದು. ಕನ್ನಡದಾಗ ಹೇಳು. ಏನೂ ಬಿಡಬ್ಯಾಡ."

ಓದಿದ್ಲು. ಇಪ್ಪತ್ತೇಳು ವರ್ಷದ ಮ್ಯಾಲೆ ನಾ ಏನು ಹೇಳಿದ್ದೆ ಅಂತ ಮಗಳ ಬಾಯಿಂದ ಕೇಳಿದೆ. 'ಆ ದಿನ ನಮ್ಮಿಬ್ಬರನ್ನೂ ಹವಾಲ್ದಾರರು ರೇಶನ್ ತರಾಕ ಡ್ಯೂಟಿ ಮ್ಯಾಲೆ ಕಳಿಸಿದ್ರು. ಪಲ್ಟನಿನ ಗಾಡಿ. ನಡುವ ಸಾಹೇಬ್ರ ಹುಕುಂ ಆಗಿ ಗಾಡಿ ನಿಂತವು. ಮುರಗೆಪ್ಪ ಇಳಿದು ತಿರುಗಿ ಗಾಡಿ ಹತ್ತೂವಾಗ ಪೆಟ್ಟಾತು. ಯಾಕ ಇಳದ ಅಂತ ಗೊತ್ತಿಲ್ಲ. ಅವನ ಸ್ವಂತ ಕೆಲಸ ಇರಬೇಕು.'

ಇಷ್ಟೆಲ್ಲಾ ಹೇಳಿದ್ದೆನಾ ನಾ? ನನಗ ಕಡೀ ಸಾಲೊಂದೇ ನೆನಪಿತ್ತು.

"ಸುಳ್ಳು ಒಂದೇ ಸಾಲು ಐತಲ್ಲಪಾ" ಅಂದ್ಲು. ಎಲ್ಲಾ ಹೇಳೇನಿ ಅಕಿಗೆ. "ಮದ್ಲಿಂದೆಲ್ಲಾ ಖರೆ. ಪೆನ್ಷನ್ ಇಲ್ಲ ಅಂದಾವ್ರು ಸುಳ್ಳು ಒಂದೇ ಓದ್ಯಾರ."

"ಹೌದು."

"ಡ್ಯೂಟಿ ಮ್ಯಾಲೇ ಇದ್ದ ಅಂತ ಇಲ್ಲೇ ಐತಿ. ಕೇಸು ಗೆಲ್ಲೂ ಹಾಳಿನೇ ಇದು. ಅದನ್ನ ನೀ ಕದ್ದು ಇಟ್ಟಿ."

ಕದ್ದು ಅಂದ್ಲು. ಮಗಳು.


೨೬ ಮಾರ್ಚ್

ಊರಾಗ ಬಣ್ಣ. ನಾ ಬನಹಟ್ಟಿಗೆ ಹೋದೆ. ಬಸ್ಸಿನಾಗ ಯಾರೋ ಹುಡುಗರು ಬೆನ್ನಿಗೆ ಹಸಿರು ಬಣ್ಣ ಬಡದ್ರು. ಹಂಗೇ ಅಕಿ ಎದುರಿಗೆ ನಿಂತೆ.

ಶಿವವ್ವ ಕಂಡಕಿ ಸುತ್ತಾಕತ್ತಿದ್ಲು. ಹಾಳಿ ತಗದು ಮಿಶನ್ನಿನ ಮ್ಯಾಲೆ ಇಟ್ಟೆ. ನಿಂತಕೊಂಡೇ ಹೇಳಿದೆ. ಗಂಟು, ಚಾದಂಗಡಿ, ಇಳಿ ಅಂದದ್ದು, ತನಿಖಿ, ಲಕೋಟಿ. ಉಸುರು ಬಿಡಲಾರದ ಹೇಳಿದೆ, ನಡುವ ನಿಂತ್ರ ಮತ್ತ ಸುಳ್ಳು ಹೇಳತಿದ್ದೆ.

ಮಿಶನ್ ಬಂದ್ ಮಾಡಿದ್ಲು. ಹಾಳಿ ನೋಡಲಿಲ್ಲ. ಕೇಳಿದ್ಲು:

"ರೊಟ್ಟಿ ಏನಾದೂ?"

"ತಿಂದೆ."

"ಅವರಿಗೆ ಕೊಟ್ರೇನು?"

"ದವಾಖಾನಿಯಾಗ ಇದ್ದ ಅಂವ. ಕೊಡಲಿಲ್ಲ."

"ನಾಕು ಕೇಳಿದ್ರು ಅಂದ್ರೆಲ್ಲ."

"ಹೂಂ."

ಮತ್ತ ಮಿಶನ್ ಚಾಲೂ ಮಾಡಿದ್ಲು. ನೂಲು ಹರೀತು. ಗಂಟು ಹಾಕಿದ್ಲು. ಮತ್ತ ಹರೀತು. "ನಾ ಒಲ್ಯಾಗ ಹುಡುಕಿದ್ನೆಲ್ರಿ. ನೀವು ಬಾಜೂಕ ಕುಂತು ನೋಡಿದ್ರಿ" ಅಂದ್ಲು. ನಿಂತೆ. ಹೋಗ್ರಿ ಅಂತಾಳ ಅಂತ ಕಾದೆ. ಅನ್ನಲಿಲ್ಲ. ಇರ್ರಿ ಅಂತನೂ ಅನ್ನಲಿಲ್ಲ.

ಕಡೀಕ ಹಾಳಿ ನನ್ನ ಕೈಯಾಗ ಇಟ್ಲು. "ಮದ್ಲ ಇದನ್ನ ಮೇಡಂಗ ಕೊಟ್ಟು ಬರ್ರಿ. ಬಯ್ಯೂದು ಆಮ್ಯಾಲ ಬೈತೀನಿ. ಇವತ್ತ ಬೈದ್ರ ನೀವು ಅಂಜಿ ಇನ್ನೆಲ್ಲೆರೆ ಮುಚ್ಚಿ ಇಡತೀರಿ."

ಚಾ ಕೊಡಲಿಲ್ಲ. ಇಷ್ಟು ವರ್ಷದಾಗ ಮದ್ಲನೇ ಸಲ.


೨೮ ಮಾರ್ಚ್, ಗುರುವಾರ. ಮಧ್ಯಾಹ್ನ ೨.೪೦, ಜಮಖಂಡಿ ಬಸ್ ಸ್ಟ್ಯಾಂಡ್

ಕೊಟ್ಟೆ. ಮೇಡಂ ಓದಿ ಟೇಬಲ್ ಮ್ಯಾಲೆ ಕೈ ಬಡದ್ರು. "ಇದೇ ಬೇಕಾಗಿತ್ತು ನೋಡ್ರಿ! ಡ್ಯೂಟಿ ಮ್ಯಾಲೆ ಕಳಿಸಿದ್ದು ಇದರಾಗೇ ಅದ. ಇದನ್ನ ಓದಿನೂ ಡ್ಯೂಟಿಯಲ್ಲ ಅಂದಾರಂದ್ರ, ಇದಕ್ಕಿಂತ ದೊಡ್ಡ ತಪ್ಪು ಯಾವುದು?"

ಆಮ್ಯಾಲ ಕೆಳಗಿನ ಸಹಿ ನೋಡಿದ್ರು. ನನ್ನ ನೋಡಿದ್ರು. ಎಲ್ಲಾ ಹೇಳಿದೆ.

"ಇಷ್ಟು ದಿನ ಈ ಹಾಳಿ ಎಲ್ಲಿತ್ತು ಅಂತ ಒಂದು ಅಫಿಡವಿಟ್ ಹಾಕಬೇಕಾಗ್ತದ" ಅಂದ್ರು.

"ನಾನೇ ತಗದು ಇಟ್ಟಿದ್ದೆ ಅಂತ ಬರೀರಿ."

"ಹಂಗ ಬರದ್ರ ನಿಮಗ ತ್ರಾಸ ಆದೀತು. ಇರ್ಲಿ, ನಾ ನೋಡಿ ಬರೀತೀನಿ."

ಟೈಪ್ ಆಗಿ ಬಂತು. ಇಂಗ್ಲಿಷ್. ನೋಟರಿಯವರು ಊಟಕ್ಕ ಹೊಂಟಿದ್ರು, ಲಗು ಲಗು ಅಂದ್ರು. ಇಲ್ಲೊಂದು, ಇಲ್ಲೊಂದು. ಮಾಡಿದೆ. ಸಿಕ್ಕಾ ಬಿತ್ತು.

ಬಸ್ ಸ್ಟ್ಯಾಂಡಿಗೆ ಬಂದು ಕುಂತ ಮ್ಯಾಲೆ ಮೇಡಂ ಮಾತು ನೆನಪಾತು. ನೋಡಿ ಬರೀತೀನಿ ಅಂದ್ರ ಏನು? ಓದಿ ಹೇಳ್ರಿ ಅಂತ ಕೇಳಲಿಲ್ಲ ನಾ. ಇವತ್ತೂ ಕೇಳಲಿಲ್ಲ! ಎರಡನೇ ಹಾಳಿಯಾಗ, ಮ್ಯಾಲಿಂದ ನಾಕನೇ ಸಾಲಿನಾಗ, ಶಿವವ್ವನ ಹೆಸರು ಕಂಡಂಗಾತು. ಅಲ್ಲಿ ಅಕಿ ಹೆಸರು ಯಾಕ? ಅಕಿ ಮನ್ಯಾಗ ತಪ್ಪಿ ಉಳದಿತ್ತು ಅಂತ ಬರದಾರೇನು, ನನ್ನ ಉಳಸಾಕ? ಅಕಿ ತಪ್ಪು ಅಂತ ಆದ್ರ?

ಎರಡು ಸಲ ಫೋನ್ ಹಚ್ಚಿದೆ. ಎತ್ತಲಿಲ್ಲ. ಕೋರ್ಟಿನಾಗ ಇರಬೇಕು. ಸಂಜೀಕ ಕೊರಿಯರ್ ಹೋಗತೈತಿ ಅಂದಿದ್ರು. ಮಹಾಲಿಂಗಪುರ ಬಸ್ಸು ಬಂತು, ಬಿಟ್ಟೆ. ತಿರುಗಿ ಮೇಡಂ ಆಫೀಸಿಗೆ ಹೊಂಟೇನಿ. ಬಾಯಿ ತೊದಲತೈತಿ ಅಂತ ಏನು ಹೇಳಬೇಕು ಇಲ್ಲೇ ಬರಕೊಳ್ಳತೀನಿ:

ಮೇಡಂ, ನಾ ಅಮಸಿದ್ದಪ್ಪ. ಲಕೋಟಿ ಅಂಟಸಬ್ಯಾಡ್ರಿ. ಎರಡನೇ ಹಾಳಿ, ನಾಕನೇ ಸಾಲು. ಹದಿನೇಳು ಯಾರ ಕಡೆ ಇತ್ತು ಅಂತ ಬರದೀರಿ, ನನ್ನ ಹೆಸರೋ ಶಿವವ್ವನ ಹೆಸರೋ, ಅದೊಂದು ಇನ್ನೊಮ್ಮೆ ನೋಡಿ ಓದಿ ಹೇಳ್ರಿ. ಅಕಿದಿದ್ರ ತಗದು ನಂದು ಹಾಕ್ರಿ.