ಸೀಸೆಯೊಳಗಿನ ಭಾವ

ಅಕ್ಕಾ,

ನಾನು ಕ್ಷೇಮ, ಇಲ್ಲಿನ ಚಳಿಗೆ ಮೂಗು ಸೋರುತ್ತಿದೆ, ಅಷ್ಟೇ. ಹೊಸ ಲ್ಯಾಬಿನಲ್ಲಿ ನನಗೆ ಕ್ಷಯದ ಕ್ರಿಮಿ ಸಾಕುವ ಕೆಲಸ. ಔಷಧಿ ಹಾಕಿದ ಕೂಡಲೇ ಕೆಲವು ಕ್ರಿಮಿಗಳು ಬೆಳವಣಿಗೆಯ ಜೀನ್‌ಗಳನ್ನು ದೀಪದಂತೆ ಆರಿಸಿ, ಅಲ್ಲಾಡದೆ ಮಲಗಿಬಿಡುತ್ತವೆ. ಸತ್ತವೆಂದು ಚೆಲ್ಲಲು ಹೊರಟಿದ್ದೆ.

"ಸತ್ತಿಲ್ಲಮ್ಮಾ, ನಾಟಕ! ಔಷಧಿ ನಿಲ್ಸಿ ನೋಡು, ಎದ್ದು ಕೂರ್ತವೆ," ಎಂದರು ಮೇಡಂ.

"ಥೇಟ್ ನಮ್ಮ ಭಾವ! ಅಕ್ಕ ಕೆಲಸ ಹೇಳಿದ್ರೆ ಸಾಕು, ಮುಸುಕು ಎಳ್ಕೊಳ್ತಾರೆ," ಎಂದುಬಿಟ್ಟೆ.

ಈಗ ಆ ಕ್ರಿಮಿಗಳ ಸೀಸೆಗೆ 'ಭಾವ' ಎಂದೇ ಚೀಟಿ. ಬೆಳಿಗ್ಗೆ ಬಂದವರೆಲ್ಲ "ಭಾವ ಎದ್ರಾ?" ಎಂದು ಕೇಳುತ್ತಾರೆ.

ಕೆಮ್ಮು ನಿಂತಿತು, ಇನ್ನು ಕ್ಷಯದ ಮಾತ್ರೆ ಬೇಡ ಎಂದು ಭಾವ ಹೇಳುತ್ತಿದ್ದಾರೆಂದು ಬರೆದಿದ್ದೆಯಲ್ಲ, ಜಗಳವಾಡಬೇಡ. ಮನೆಗೆ ಬಂದ ಕಾರ್ಡನ್ನು ಮೊದಲು ಓದುವವರು ಅವರೇ.

ಭಾವ, ಓದಿದ್ದಾಯಿತಲ್ಲ? ಮಾತ್ರೆ ನುಂಗಿ, ಆಮೇಲೆ ಕಾರ್ಡು ಅಕ್ಕನಿಗೆ ಕೊಡಿ.

ನಿಮ್ಮ ನಾದಿನಿ