ಸೋಸಿ ಅಳೆದದ್ದು

ಮಾರ್ಚ್ ೧೪

ನನ್ನ ಪ್ರತಿ ಮಾತಿಗೂ ಒಂದು ಮರುಮಾತು ಇಟ್ಟುಕೊಂಡೇ ಬೆಳೆದ ಮಗಳಿಗೆ, ಅಪ್ಪನ ಮನಃಪೂರ್ವಕ ಆಶೀರ್ವಾದಗಳು.

ನಿನ್ನ ಮನೆಯಿಂದ ಹಿಂದಿರುಗಿ ಐದು ವಾರಗಳಾದವು. ತಲುಪಿದ ಮರುದಿನವೇ ಕ್ಷೇಮಸಮಾಚಾರ ತಿಳಿಸುವುದು ಮರ್ಯಾದೆ. ಅದನ್ನು ನಾನು ಪಾಲಿಸಲಿಲ್ಲ, ಕ್ಷಮಿಸು. ನಾಲ್ಕು ಪತ್ರಗಳನ್ನು ಬರೆದು ಹರಿದೆ. ಮೂರರಲ್ಲಿ ಸಿಟ್ಟು ಹೆಚ್ಚಾಗಿತ್ತು, ನಾಲ್ಕನೆಯದರಲ್ಲಿ ಸುಳ್ಳು. ಮಂಡಿನೋವೆಂದು ಹೇಳಿ ಎರಡು ದಿನ ಮುಂಚೆಯೇ ಹೊರಟುಬಂದೆನಲ್ಲ, ನನ್ನ ಮಂಡಿಗಳಿಗೆ ಏನೂ ಆಗಿರಲಿಲ್ಲ. ನಿನ್ನ ಅಮ್ಮ ಸೌಖ್ಯವಾಗಿದ್ದಾಳೆ. ಅಡುಗೆಮನೆಯ ನಲ್ಲಿ ಕೊನೆಗೂ ಸೋರುವುದನ್ನು ನಿಲ್ಲಿಸಿದೆ. ರಿಪೇರಿಯವನು ಮೂರನೆಯ ಸಲ ಬಂದು, "ಇದು ನಿಮಗಿಂತ ಹಟಮಾರಿ ಸಾರ್" ಎಂದು ಗೊಣಗುತ್ತಲೇ ಸರಿಮಾಡಿದ.

ನಿನ್ನ ಪ್ರಯೋಗಾಲಯವನ್ನು ನೋಡಿದ ಬೆಳಗ್ಗೆ ನನಗೆಷ್ಟು ಹೆಮ್ಮೆಯಾಗಿತ್ತೆಂಬುದನ್ನು ಮೊದಲು ಬರೆಯುತ್ತೇನೆ. ತಲೆಗೆ ಟೋಪಿ, ಕಾಲಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ನನ್ನನ್ನು ಒಳಗೆ ಕರೆದೊಯ್ದೆ. "ಬರೀ ಔಷಧಿನ ರಕ್ತಕ್ಕೆ ಬಿಟ್ರೆ ದಾರೀಲೇ ಚೂರುಚೂರಾಗಿಬಿಡುತ್ತೆ ಅಪ್ಪ. ಅದಕ್ಕೇ ಕೊಬ್ಬಿನ ಅಂಗಿ ತೊಡಿಸಿ ಕಳಿಸ್ತೀವಿ. ಜೀವಕೋಶದೊಳಗೆ ಹೋದ್ಮೇಲೆ ಅಂಗಿ ಕಳಚುತ್ತೆ, ಔಷಧಿ ಕೆಲಸ ಶುರು ಮಾಡುತ್ತೆ" ಎಂದೆ. ಒಂದು ಕೂದಲಿನ ದಪ್ಪಕ್ಕೆ ಅಂಥ ಸಾವಿರ ಕಣಗಳನ್ನು ಸಾಲಾಗಿ ನಿಲ್ಲಿಸಬಹುದೆಂದೂ, ಪಿತ್ತಜನಕಾಂಗ ಕೆಟ್ಟಿರುವ ಎಂಟು ಮಂದಿ ಈ ಔಷಧಿಗಾಗಿ ಕಾದಿದ್ದಾರೆಂದೂ ವಿವರಿಸಿದೆ. ಮನೆಗೆ ಬಂದು ಇದನ್ನು ಒಪ್ಪಿಸಿದಾಗ ನಿನ್ನ ಅಮ್ಮ, "ಕೊಬ್ಬಿನ ವಿಷಯ ನಿಮ್ಮ ವಂಶದೋರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ ಬಿಡಿ" ಎಂದಳು.

ಆಮೇಲೆ ಪ್ರಯೋಗಾಲಯದಲ್ಲಿ ನಡೆದದ್ದನ್ನು ಅವಳಿಗೆ ಹೇಳಿಲ್ಲ.

ನೀನು ಎರಡು ತಿಂಗಳು ಫ್ರಿಜ್ಜಿನಲ್ಲಿದ್ದ ಔಷಧಿಯ ಸೀಸೆಯಿಂದ ಒಂದಿಷ್ಟನ್ನು ತೆಗೆದು, ಕಣಗಳ ಗಾತ್ರವನ್ನು ಅಳೆಯುವ ಯಂತ್ರಕ್ಕೆ ಹಾಕಿದೆ. ಪರದೆಯ ಮೇಲಿನ ಗೆರೆಯಲ್ಲಿ ಒಂದೇ ಗುಡ್ಡ ಏಳಬೇಕಾದಲ್ಲಿ ಎರಡು ಎದ್ದವು. ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಿವೆಯೆಂದು ನೀನು ಮೆಲ್ಲಗೆ ಹೇಳುವಷ್ಟರಲ್ಲಿ ನಿನ್ನ ಮೇಲಧಿಕಾರಿ ಎಂಬ ಮಹಾಶಯ ಹಿಂದೆ ಬಂದು ನಿಂತಿದ್ದ. "ಸೋಸಿ ಹಾಕಮ್ಮ" ಎಂದ, ಚಹಾದ ವಿಷಯ ಹೇಳುವವನಂತೆ. ನೀನು ಸಿರಿಂಜಿನ ತುದಿಗೆ ಬಿಲ್ಲೆಯಂಥ ಫಿಲ್ಟರನ್ನು ಸಿಕ್ಕಿಸಿ ಒತ್ತಿದೆ. ಗಂಟುಗಳು ಫಿಲ್ಟರಿನಲ್ಲೇ ಉಳಿದವು, ಈ ಬಾರಿ ಅಳೆದಾಗ ಒಂದೇ ಗುಡ್ಡ.

"ಈ ಮೆಷಿನ್ ಬಲು ಸೂಕ್ಷ್ಮ ಮೇಷ್ಟ್ರೇ, ಸುಮ್ನೆ ಧೂಳನ್ನೂ ಎಣಿಸ್ಬಿಡುತ್ತೆ" ಎಂದು ಆತ ನಕ್ಕ.

"ರೋಗಿಗೆ ಚುಚ್ಚುವಾಗಲೂ ಸೋಸ್ತೀರೋ?" ಎಂದು ನಾನು ಕೇಳಿದೆ.

"ಇಲ್ಲ, ಅದು ಹಾಗೇ ಹೋಗುತ್ತೆ."

"ಹಾಗಾದ್ರೆ ಈಗ ಅಳೆದದ್ದು ಯಾವ ಔಷಧಿನ?"

ಆತ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮಪ್ಪ ರಿಟೈರ್ ಆದ್ರೂ ಪ್ರಶ್ನೆಪತ್ರಿಕೆ ರಿಟೈರ್ ಆಗಿಲ್ಲ ಕಣಮ್ಮ!" ಎಂದ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನೀನೂ ನಕ್ಕೆ.

ಆತನ ಕೈ ಬಿದ್ದ ಅಂಗಿಯನ್ನು ಎರಡು ಸಲ ಒಗೆದೆ, ಇನ್ನೂ ತೊಡಲು ಮನಸ್ಸಿಲ್ಲ. ಚರಂಡಿಯ ಹೊಲಸನ್ನು ಕಂಡರೆ ಮೂಗು ಮುಚ್ಚಿಕೊಂಡು ದಾಟಬಹುದು. ಕೈಗವಸು ತೊಟ್ಟು, ಸ್ಪಿರಿಟ್ಟಿನಿಂದ ಮೇಜನ್ನು ಒರೆಸಿ, ಬೆಳ್ಳನೆಯ ದೀಪದಡಿ ಮಾಡುವ ಹೊಲಸಿಗೆ ವಾಸನೆಯೇ ಇರುವುದಿಲ್ಲ. ಹೇಸಿಗೆಯೆಂದರೆ ಅದು.

ನಿನ್ನ ಮನೆಗೆ ಮರಳುವ ಬಸ್ಸಿನಲ್ಲಿ, "ಎಲ್ಲ ಕಡೆ ಹೀಗೇ ಮಾಡೋದು ಅಪ್ಪ, ಗಂಟು ಇರೋದು ಸ್ವಲ್ಪ" ಎಂದೆ. ಆ ಸ್ವಲ್ಪವೇ ಯಾರದೋ ಶ್ವಾಸಕೋಶದ ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಎಂದು ನಾನು ಕೇಳಿದ್ದಕ್ಕೆ ನೀನು ಕಿಟಕಿಯಾಚೆ ನೋಡುತ್ತ, "ನಾನು ವರದಿಗೆ ಸಹಿ ಹಾಕ್ದಿದ್ರೆ ನಾಳೆ ನನ್ನ ಕುರ್ಚೀಲಿ ಇನ್ನೊಬ್ಬಳು ಕೂತಿರ್ತಾಳೆ" ಎಂದೆ. ಕೂರಲಿ. ಎರಡು ತಿಂಗಳಿಗೇ ಗಂಟಾದ ಔಷಧಿಯನ್ನು ಆರು ತಿಂಗಳು ಕೆಡದೆಂದು ಹೇಳುವ ಆ ವರದಿಯ ಕೆಳಗೆ ಬೀಳುವ ಹೆಸರು ಆ ಮಹಾಶಯನದಲ್ಲ, ನಿನ್ನದು. ಅದು ಹೋಗುವುದು ಈ ತಿಂಗಳ ಕೊನೆಯ ದಿನ. ಅದನ್ನು ನಂಬಿ ತೋಳು ಚಾಚುವವರು ಎಂಟು ಮಂದಿ.

ನನಗೆ ನಿನ್ನ ವಿಜ್ಞಾನ ತಿಳಿಯದು. ಆದರೂ ಹೇಳುತ್ತೇನೆ: ಎರಡೂ ಅಳತೆಗಳನ್ನು ಬರೆ. ಸೋಸುವ ಮುಂಚೆ ಇಷ್ಟು, ಸೋಸಿದ ಮೇಲೆ ಇಷ್ಟು. ಅದಕ್ಕಾಗಿ ಕೆಲಸ ಹೋದರೆ ನಿನ್ನ ಕೋಣೆ ಇಲ್ಲಿ ಹಾಗೆಯೇ ಇದೆ, ಅಮ್ಮನ ಹೊಲಿಗೆಯಂತ್ರವನ್ನು ಮಾತ್ರ ಪಕ್ಕಕ್ಕೆ ಸರಿಸಬೇಕು.

ನಿನ್ನ ಕೈ ಗಟ್ಟಿಯಾಗಿರಲಿ, ನಿದ್ದೆ ನಿಶ್ಚಿಂತೆಯಾಗಿರಲಿ.

ಇತಿ,
ನಿನ್ನ ಅಪ್ಪ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಸಾಲಲಿಲ್ಲ. ನೀನು ನನ್ನ ಶಾಲೆಯಲ್ಲೇ ನಾಲ್ಕನೆಯ ತರಗತಿ ಓದುತ್ತಿದ್ದಾಗ ಅಲ್ಲಿಗೆ ತನಿಖಾಧಿಕಾರಿಗಳು ಬರುವವರಿದ್ದರು. ಓದಲು ಬಾರದ ಏಳು ಮಕ್ಕಳ ಮನೆಗೆ ಹಿಂದಿನ ದಿನ ನಿನ್ನನ್ನೇ ಕಳುಹಿಸಿ, ನಾಳೆ ಶಾಲೆಗೆ ರಜೆಯೆಂದು ಹೇಳಿಸಿದೆ. "ರಜೆ ಅವರಿಗೆ ಮಾತ್ರಾನಾ ಅಪ್ಪ?" ಎಂದು ನೀನು ಕೇಳಿದೆ. ತಲೆಹರಟೆ ಮಾಡಬೇಡವೆಂದು ನಾನು ಗದರಿಸಿದೆ. ಶಾಲೆಗೆ ಪ್ರಶಂಸಾಪತ್ರ ಬಂತು. ಆ ಏಳು ಮಂದಿಯಲ್ಲಿ ಒಬ್ಬಳಾದ, ನಿನ್ನ ಪಕ್ಕ ಕೂರುತ್ತಿದ್ದ ತೊದಲುಮಾತಿನ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ನಾನು ಕರೆಯಲೂ ಹೋಗಲಿಲ್ಲ. ಆ ಮಹಾಶಯನನ್ನು ಬೈಯುತ್ತ ಪುಟ ತುಂಬಿಸಿದೆನಲ್ಲ, ಅವನಿಗಿಂತ ಬಹಳ ಮುಂಚೆ ನಿನ್ನ ಕೈಯಿಂದ ಸೋಸಿಸಿದವನು ನಾನು.

ಕಳೆದ ವಾರ ಅವಳನ್ನು ಹುಡುಕಿಕೊಂಡು ಹೋದೆ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಹೊದಿಕೆಗಳನ್ನು ಮಡಚುತ್ತಿದ್ದಳು. ಗುರುತು ಹಿಡಿದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ರ... ರಜೆ ಮುಗೀತಾ ಸಾರ್?" ಎಂದಳು.